ಸಣ್ಣ ಸರಕಾರರ ಮಾರಿ

ಮದುವೆಯಾಗಿ ನಾನು ಯರಗಟ್ಟಿಗೆ ಬಂದದ್ದು ೧೯೯೬ರಲ್ಲಿ. ಆ ಹೊಸ ಊರಿನಲ್ಲಿ ನನಗೆ ಮೊದಲು ಆಪ್ತಳಾದವಳು ಪಕ್ಕದ ಮನೆಯ ಖೈರುನಬಿ ಆಯಿ. ಅರವತ್ತರ ಆಕೆ ಕೌದಿ ಹೊಲಿದು ಬಾಳುವೆ ಮಾಡುತ್ತಿದ್ದಳು. ತವರು ನೆನೆದು ಸಪ್ಪಗೆ ಕೂತರೆ, "ಸೂಜಿ ಹಿಡಿ ತಂಗಿ, ಕೈ ನಡದ್ರ ಕಣ್ಣೀರ ನಿಲ್ಲತಾವ" ಅನ್ನುತ್ತಿದ್ದಳು.

ಆಕೆಯ ಟ್ರಂಕಿನಲ್ಲಿ ಮಲಮಲ್ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಚಿತ್ರವಿತ್ತು. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಸಣ್ಣದು, ತೆಳುವಾದ ದಂತದ ಮೇಲೆ ಬರೆದದ್ದು. ಎಂಟು ವರ್ಷದ ಹುಡುಗ, ಜರಿ ರುಮಾಲು, ಕೊರಳಲ್ಲಿ ಮುತ್ತಿನ ಸರ. ಮುಖವಿರಬೇಕಾದಲ್ಲಿ ಮಾತ್ರ ಮಾಸಲು ಬಿಳುಪು.

"ಇವ್ರು ಸಣ್ಣ ಸರಕಾರ" ಎಂದು ಆಯಿ ಕತೆ ಹೇಳುತ್ತಿದ್ದಳು. ಇಂಗ್ರೇಜರು ಜಪ್ತು ಮಾಡಿದ ಯಾವುದೋ ಪುಟ್ಟ ಸಂಸ್ಥಾನದ ವಾರಸುದಾರ ಆ ಹುಡುಗ. ರಾಣಿಗೆ ಎದೆಹಾಲು ಬಾರದೆ, ಆಯಿಯ ಮುತ್ತಜ್ಜಿಯೇ ಅವನಿಗೆ ಹಾಲೂಡಿಸಿದ್ದಳು. ಅವಳ ಮಗಳೂ ಅವನೂ ಹಾಲು ಹಂಚಿಕೊಂಡು ಬೆಳೆದ ಅಕ್ಕತಮ್ಮ. ಆ ಮಗಳೇ ಆಯಿಯ ಅಜ್ಜಿ. ಹುಡುಗನನ್ನು ಮಿರಜಿನ ಕಡೆಗೆ ಗಡೀಪಾರು ಮಾಡಿದಾಗ ರಾಣಿ ಈ ಚಿತ್ರವನ್ನು ಹಾಲೂಡಿಸಿದವಳ ಕೈಗಿಟ್ಟಿದ್ದಳಂತೆ.

ಎರಡು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ, ಬಿಳಿ ಟೋಪಿಯ ಮುದುಕರೊಬ್ಬರು ಓಣಿಗೆ ಬಂದರು. ಮಿರಜಿನ ನಿವೃತ್ತ ಮಾಸ್ತರರು, ಹೆಸರು ಜಯಸಿಂಗರಾವ್, ಗಡೀಪಾರಾದ ಆ ಹುಡುಗನ ಮೊಮ್ಮಗ. ಬೈಲಹೊಂಗಲದ ಗೆಳೆಯರೊಬ್ಬರಿಂದ ಚಿತ್ರದ ಸುದ್ದಿ ತಿಳಿದು ಹುಡುಕಿಕೊಂಡು ಬಂದಿದ್ದರು. ಆಯಿಯ ಜೊತೆ ಹೊಲಿಯುತ್ತಿದ್ದ ನಾವು ಓಣಿಯ ಹೆಂಗಸರೆಲ್ಲ ಕೌದಿ ಬಿಟ್ಟು ಸರಿದು ಕೂತೆವು.

ಚಿತ್ರವನ್ನು ಬೆಳಕಿಗೆ ಹಿಡಿದ ಅವರ ಮುಖ ಬಾಡಿತು. "ಮಾರೀನ ಇಲ್ಲಲ್ರಿ! ಅಜ್ಜ ಸಣ್ಣಾವ ಇದ್ದಾಗ ಹೆಂಗ ಇದ್ರು ಅಂತ ನೋಡಾಕ ಬಂದಿದ್ದೆ. ಯಾರು ಅಳಿಸಿದ್ರು?"

"ನಮ್ಮ ಅಜ್ಜಿ, ಅಕೀ ಅವ್ವ," ಎಂದಳು ಆಯಿ. "ದಿನಾ ಮುದ್ದ ಕೊಡತಿದ್ರು. ಅತ್ತ ಅತ್ತ ಗಲ್ಲಕ್ಕ ಒತ್ತಿಕೊಂತಿದ್ರು. ಅಜ್ಜಿ ಹಂಗ ಮಾಡೂದನ್ನ ನಾನ ಕಣ್ಣಾರೆ ನೋಡೇನ್ರಿ. ಹಂಗ ಸವದ ಹೋತು."

ಅವರು ಆ ಬಿಳುಪಿನ ಮೇಲೆ ಬೆರಳಾಡಿಸಿದರು. ಆಮೇಲೆ ಮೆಲ್ಲಗೆ ಹೇಳಿದರು: "ಚಕ್ಕಡ್ಯಾಗ ಕುಂದ್ರಿಸಿ ಒಯ್ಯೂವಾಗ ನನ್ನ ಕಳಸಾಕ ಒಬ್ರೂ ಬರಲಿಲ್ಲ ಅಂತ ಅಜ್ಜ ಸಾಯೂತನಕ ಹೇಳತಿದ್ರು. ನನ್ನ ಮರತ ಬಿಟ್ರು ಅಂತಿದ್ರು."

"ಹಂಗ ಅನಬ್ಯಾಡ್ರಿ ಸಾಹೇಬ್ರ," ಎಂದಳು ಆಯಿ. "ತಾಯಿ-ಮಗಳು ಇಬ್ರೂ ಊರ ಅಗಸಿ ಬಾಗಿಲತನಕ ಓಡಿ ಬಂದಿದ್ರು. ಪಹರೆದವ್ರು ಮುಂದ ಬಿಡಲಿಲ್ಲ. ಚಕ್ಕಡಿ ಮರೆಯಾಗೂಮಟ ಅಲ್ಲೇ ನಿಂತಿದ್ರಂತ."

ಜಯಸಿಂಗರಾವ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಸಣ್ಣ ಹುಡುಗನ ಹಾಗೆ ಅತ್ತರು. ಆಯಿ ನೀರು ತಂದುಕೊಟ್ಟಳು.

"ಇದು ನಿಮ್ಮದ ಐತಿ, ತಗೊಂಡ ಹೋಗ್ರಿ," ಎಂದು ಚಿತ್ರವನ್ನು ಅವರತ್ತ ಸರಿಸಿದಳು. ಅದನ್ನು ಕೊಡುವುದು ಆಕೆಗೆ ಎಷ್ಟು ಕಷ್ಟವೆಂದು ನಮಗೆಲ್ಲ ಗೊತ್ತಿತ್ತು.

ಅವರು ಬಟ್ಟೆ ಸುತ್ತಿ ಆಕೆಯ ಕೈಗೇ ಕೊಟ್ಟರು. "ಬ್ಯಾಡ ತಂಗಿ. ನಮ್ಮ ಮನ್ಯಾಗ ಒಯ್ದ ಇಟ್ರ ಅದು ಬರೇ ಚಿತ್ರ. ನಿಮ್ಮ ಕಡೀನ ಇರಲಿ."

ಅಂದು ಮಧ್ಯಾಹ್ನ ಅಲ್ಲೇ ಉಂಡು ಹೋದರು. ಆಮೇಲೆ ಪ್ರತಿ ರಂಜಾನಿಗೂ ಬರತೊಡಗಿದರು, ಒಮ್ಮೆ ಮಗಳನ್ನೂ ಕರೆತಂದರು. ೨೦೦೪ರಲ್ಲಿ ಆಯಿ ತೀರಿಕೊಳ್ಳುವವರೆಗೂ ಅವರು ಬಂದುಹೋಗುವುದು ತಪ್ಪಲಿಲ್ಲ. ಚಿತ್ರ ಈಗ ಸವದತ್ತಿಯಲ್ಲಿ ಆಕೆಯ ಮಗಳು ಶಬನಮ್ ಹತ್ತಿರವಿದೆ. ನನಗೆ ಮಾತ್ರ ಆ ಹಬ್ಬದ ಬೆಳಗುಗಳೇ ನೆನಪಾಗುತ್ತವೆ. ನಾನು ಈಚೆ ರೊಟ್ಟಿ ಬಡಿಯುತ್ತಿದ್ದರೆ, ಸುರಕುಂಬಾ ಪಾಯಸದ ಬಟ್ಟಲು ಹಿಡಿದು ಕೂತ ಆ ಇಬ್ಬರು ಮುದುಕರ ನಗು ಗೋಡೆ ದಾಟಿ ಬರುತ್ತಿತ್ತು.