ಅಬ್ರಿಜ್ಡ್ ಏಕಾಂತಯ್ಯ

ರಾಜೀವನಗರದ ಏಕಾಂತಯ್ಯನವರು ಮೂವತ್ತಾರು ವರ್ಷದ ಸರ್ಕಾರಿ ನೌಕರಿಯಲ್ಲಿ ಹನ್ನೊಂದು ಸೇತುವೆಗಳ ಕೆಲಸ ನೋಡಿಕೊಂಡವರು. ಸಿಮೆಂಟು ಕಲಸುವ ಕಡೆ ಖುದ್ದಾಗಿ ನಿಂತು ನೀರಿನ ಬಕೆಟ್ ಎಣಿಸುತ್ತಿದ್ದರು. ನಿವೃತ್ತರಾದ ಮೇಲೆ ಇನ್ನೂರ ಹನ್ನೆರಡು ಪುಟಗಳ ಆತ್ಮಕಥೆ ಬರೆದರು. ಅಚ್ಚು ಹಾಕುವವರು ಮಾತ್ರ ಸಿಗಲಿಲ್ಲ.

ಹೀಗಿರುವಾಗ ಒಂದು ಮಂಗಳವಾರ ನಿವೃತ್ತ ನೌಕರರ ಸಂಘದಿಂದ ವಾಟ್ಸಾಪ್ ಬಂತು. ಸ್ಮರಣ ಸಂಚಿಕೆಗೆ ತಮ್ಮ ಜೀವನಕಥೆಯ 'ಅಬ್ರಿಜ್ಡ್' ಪ್ರತಿ ಬೇಕು, ಶನಿವಾರ ಸಂಜೆ ಐದು ಗಂಟೆಗೆ ಕಡೆ.

ಏಕಾಂತಯ್ಯ ಕನ್ನಡಕ ಒರೆಸಿಕೊಂಡು ಆ ಇಂಗ್ಲಿಷ್ ಪದವನ್ನು ಅಕ್ಷರ ಅಕ್ಷರವಾಗಿ ನೋಡಿದರು. ಅದರ ಹೊಟ್ಟೆಯೊಳಗೆ ಬ್ರಿಡ್ಜ್ ಇತ್ತು.

"ದಾಕ್ಷಿ, ಕೊನೆಗೂ ಗುರುತಿಸಿದ್ರು ಕಣೇ! 'ಎ ಬ್ರಿಡ್ಜ್' ಅಂತೆ. ಪಾಪ, ಸಂಕೋಚಕ್ಕೆ ಒಂದೇ ಸೇತುವೆ ಕೇಳಿದಾರೆ. ನಾನು ಹನ್ನೊಂದನ್ನೂ ವಿವರವಾಗಿ ಹಾಕ್ಬುಡ್ತೀನಿ."

"ನಿಮ್ಮ ಆತ್ಮಕಥೇಲಿ ಸೇತುವೆ ಬಿಟ್ಟು ಬೇರೆ ಏನಿತ್ತು?" ಎಂದರು ಹೆಂಡತಿ ದಾಕ್ಷಾಯಣಮ್ಮ.

"ನಮ್ಮ ಮದುವೆ ಇತ್ತಲ್ಲೇ."

"ಅದನ್ನೂ ಮೂರನೇ ಸೇತುವೆ ಸ್ಲ್ಯಾಬ್ ಹಾಕಿದ ಮಾರನೇ ದಿನ ಅಂತಲೇ ಬರೆದಿದೀರಿ."

ಶನಿವಾರ ಮಧ್ಯಾಹ್ನ ಮೂರೂವರೆಗೆ ದಂಪತಿಗಳು ಆತ್ಮಕಥೆ ತುಂಬಿದ ಚೀಲದ ಒಂದೊಂದು ಕಿವಿ ಹಿಡಿದು ನಜರ್‌ಬಾದಿನ ಸಂಘದ ಕಚೇರಿಗೆ ಬಂದರು. ಈಗ ಅದರೊಳಗೆ ಇನ್ನೂರ ತೊಂಬತ್ತು ಪುಟಗಳಿದ್ದವು. ಕಾರ್ಯದರ್ಶಿ ಮೃತ್ಯುಂಜಯ ಚೀಲವನ್ನೊಮ್ಮೆ, ಇವರನ್ನೊಮ್ಮೆ ನೋಡಿದರು.

"ಅಬ್ರಿಜ್ಡ್ ಅಂದ್ರೆ ಮೊಟಕು ಮಾಡಿದ್ದು ಕಣ್ರೀ! ತಿರುಳು ಉಳಿಸ್ಕೊಂಡು ಸಣ್ಣದು ಮಾಡೋದು. ಬ್ರಿಡ್ಜಿಗೂ ಅದಕ್ಕೂ ಸಂಬಂಧವೇ ಇಲ್ಲ."

"ಸಂಬಂಧ ಇಲ್ದೇ ಒಳಗೆ ಹೆಂಗೆ ಬಂತು ಸಾರ್?"

"ಅದು ಇಂಗ್ಲಿಷಿನವರನ್ನ ಕೇಳಿ. ನಿಮಗೆ ಇಟ್ಟಿರೋದು ಒಂದು ಪುಟ. ಐದರೊಳಗೆ ಕೊಟ್ರೆ ಸರಿ, ಇಲ್ದಿದ್ರೆ ಆ ಜಾಗಕ್ಕೆ ಸಂಘದ ಗ್ರೂಪ್ ಫೋಟೋ."

ಏಕಾಂತಯ್ಯ ವರಾಂಡದ ಬೆಂಚಿನ ಮೇಲೆ ಕೆಂಪು ಪೆನ್ನು ಹಿಡಿದು ಕೂತರು. ನಾಲ್ಕು ಗಂಟೆ ಹತ್ತು ನಿಮಿಷದ ಹೊತ್ತಿಗೆ 'ಬಹಳ' ಎಂಬ ಒಂದು ಪದ ಹೊಡೆದುಹಾಕಿದ್ದರು. ನಾಲ್ಕೂಕಾಲಿಗೆ ಮರುಗಿ ಅದನ್ನೂ ಮತ್ತೆ ಸೇರಿಸಿದರು.

"ಹೀಗಾದ್ರೆ ಗ್ರೂಪ್ ಫೋಟೋನೇ ಗತಿ. ಹೊಸ ಹಾಳೆ ತಗೊಳ್ಳಿ, ನಾನು ಹೇಳ್ತೀನಿ," ಎಂದರು ದಾಕ್ಷಾಯಣಮ್ಮ. ಮೂವತ್ತೆಂಟು ವರ್ಷ ಅದೇ ಕಥೆಗಳನ್ನು ಕೇಳಿದ ಕಿವಿ ಅವರದು. ಸೇತುವೆಗೊಂದು ಸಾಲಿನಂತೆ ಹೇಳುತ್ತಾ ಹೋದರು. "ಮೊದಲನೇದು: ಮಳೆ ಬಂತು, ಆದರೂ ಮುಗಿಸಿದೆ. ಎರಡನೇದು: ಕಳಪೆ ಮರಳು ಬಂತು, ವಾಪಸ್ ಕಳಿಸಿದೆ..." ಕೊನೆಗೆ, "ಇವತ್ತಿನವರೆಗೂ ಒಂದೂ ಬಿದ್ದಿಲ್ಲ."

ಏಕಾಂತಯ್ಯನವರ ದೊಡ್ಡ ದೊಡ್ಡ ಅಕ್ಷರಗಳಲ್ಲಿ ನಾಲ್ಕು ಐವತ್ತಕ್ಕೆ ಪುಟ ತುಂಬಿತು. ಒಂದು ಸಾಲಿಗೂ ಜಾಗ ಉಳಿಯಲಿಲ್ಲ. ಏಕಾಂತಯ್ಯ ಮೊದಲಿಂದ ಓದಿದರು. ಏನೂ ಬಿಟ್ಟುಹೋಗಿರಲಿಲ್ಲ. ಆಮೇಲೆ ತಲೆ ಎತ್ತಿದರು.

"ನೀನೇ ಇಲ್ವಲ್ಲೇ ಇದರಲ್ಲಿ?"

"ಜಾಗ ಎಲ್ಲಿದೆ? ಬೇಗ ಕೊಟ್ಟು ಬನ್ನಿ."

ಏಕಾಂತಯ್ಯ ಒಂದು ಸಾಲು ಹೊಡೆದುಹಾಕಿ, ಅದರ ಮೇಲೆ ಏನೋ ಬರೆದು ಒಳಗೆ ಕೊಟ್ಟರು.

ಮೃತ್ಯುಂಜಯ ಬೆರಳಿಟ್ಟು ಎಣಿಸಿದರು. "ಯಾವಾಗಲೂ ಹನ್ನೊಂದು ಸೇತುವೆ ಅಂತೀರಿ, ಇಲ್ಲಿ ಹತ್ತೇ ಇದೆಯಲ್ರೀ?"

"ಒಂದನ್ನ ಅಬ್ರಿಜ್ ಮಾಡ್ದೆ ಸಾರ್."

ಮೂರನೇ ಸೇತುವೆಯ ಜಾಗದಲ್ಲಿ ಹೀಗಿತ್ತು: 'ದಾಕ್ಷಾಯಣಿಯನ್ನು ಮದುವೆಯಾದೆ. ಪೂರ್ತಿ ಕಥೆ ಬೇಕಾದವರು ಅವಳನ್ನು ಕೇಳಬಹುದು.'