ಕೋರ್ಟಿನ ಮೇಲಿನ ರಾಶಿ

ನನ್ನ ಮೊಣಕಾಲು ಮಡಚುವುದಿಲ್ಲ. ಇದನ್ನು ಊರವರಿಗೆ ಹೇಳಿ ಹೇಳಿ ಬೇಸತ್ತಿದ್ದೇನೆ. ಮದುವೆ ಮನೆಯ ಪಂಕ್ತಿಯಲ್ಲಿ ಎಲ್ಲರೂ ನೆಲಕ್ಕೆ ಕೂತಾಗ ನಾನೊಬ್ಬಳೇ ಕುರ್ಚಿ ಕೇಳುತ್ತೇನೆ. ಪ್ಯಾಟೆ ಕಂಡು ಬಂದವಳಿಗೆ ನೆಲ ಆಗಿಬರುವುದಿಲ್ಲ ಎಂದು ಹಿಂದಿನಿಂದ ಯಾರೋ ಪಿಸುಗುಡುತ್ತಾರೆ. ಪಿಸುಗುಡಲಿ. ಹಾರಿ ಹಾರಿ ಸವೆದ ಕಾಲಿಗೆ ದೊಡ್ಡ ದೊಡ್ಡ ದವಾಖಾನೆಗಳವರೇ ಮದ್ದಿಲ್ಲವೆಂದು ಕೈಮುಗಿದ ಮೇಲೆ ಇವರ ಮಾತಿಗೆ ನೊಂದುಕೊಂಡು ಏನು ಮಾಡಲಿ?

ಹರೆಯವೆಲ್ಲ ನಾನು ಬಾಸ್ಕೆಟ್‌ಬಾಲ್ ಆಡಿಯೇ ಹೊಟ್ಟೆ ಹೊರೆದೆ. ದೂರದ ಶಹರದ ಕಂಪನಿಯೊಂದು ತನ್ನ ತಂಡಕ್ಕೆ ಆಡಲು ಸಂಬಳ ಕೊಡುತ್ತಿತ್ತು. ಚೆಂಡನ್ನು ಬುಟ್ಟಿಗೆ ಹಾಕಿದರೆ ರೊಕ್ಕ ಕೊಡುವವರೂ ಇದ್ದಾರೆಯೇ ಎಂದು ಅವ್ವ ಕೊನೆಯವರೆಗೂ ನಂಬಲಿಲ್ಲ. ನನ್ನ ಎತ್ತರಕ್ಕೆ ಒಪ್ಪುವ ವರ ಸಿಗಲಿಲ್ಲ, ನಾನೂ ಹುಡುಕಲು ಹೋಗಲಿಲ್ಲ. ಕಾಲು ಕೈಕೊಟ್ಟಾಗ ಕಂಪನಿಯವರು ಶಾಲು ಹೊದಿಸಿ ಕಳಿಸಿದರು. ನಾನು ನರಗುಂದದ ಆಚೆಗಿನ ನಮ್ಮ ಹಳ್ಳಿಗೆ, ತಮ್ಮನ ಮನೆಗೆ ಬಂದೆ.

ಊರ ಹಿರಿಯರಿಗೆ ನನ್ನ ಮೇಲೆ ಅಭಿಮಾನ. ನಾನು ಆಡುತ್ತಿದ್ದ ದಿನಗಳಲ್ಲೇ ಎಲ್ಲರೂ ಕೂಡಿ ನನ್ನ ಹೆಸರಿನಲ್ಲಿ ಊರ ಅಂಚಿಗೆ ಸಿಮೆಂಟಿನ ಕೋರ್ಟು ಕಟ್ಟಿಸಿದ್ದರು. ನಮ್ಮದು ಎರೆಭೂಮಿ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವ ನೆಲ. ಇಲ್ಲಿ ಕಾಳು ಒಕ್ಕಲು ಒಂದು ಕಣ ಮಾಡಬೇಕಾದರೆ ನೀರು ಹೊಡೆದು, ತುಳಿಸಿ, ಸಗಣಿ ಸಾರಿಸಿ ಸೊಂಟ ಬಿದ್ದುಹೋಗುತ್ತದೆ. ಅಂಥ ಊರಿಗೆ ಕನ್ನಡಿಯಂಥ ಸಿಮೆಂಟಿನ ನೆಲ ಸಿಕ್ಕರೆ ಮಂದಿ ಏನು ಮಾಡುತ್ತಾರೆ? ಮೊದಲ ಸುಗ್ಗಿಗೇ ಅಲ್ಲಿ ಕಡಲೆ ಬಂತು, ಆಮೇಲೆ ಜೋಳ, ಗೋಧಿ.

ಅವರು ಕೋರ್ಟನ್ನು ಹಾಳು ಮಾಡಿದರು ಎನ್ನಲಾರೆ. ಹಾಳು ಮಾಡಿದ್ದರೆ ಜಗಳವಾಡಬಹುದಿತ್ತು. ಅವರು ಅದಕ್ಕೆ ಪೂಜೆ ಮಾಡಿದರು. ಕಣದೊಳಗೆ ಚಪ್ಪಲಿ ಹಾಕಿ ತುಳಿಯುವ ರೂಢಿ ನಮ್ಮಲ್ಲಿಲ್ಲ. ರಾಶಿ ಎಂದರೆ ಲಕ್ಷ್ಮಿ, ಅಳೆಯುವಾಗಲೂ ಒಂದು ಎನ್ನದೆ ಲಾಭ ಎಂದೇ ಶುರುಮಾಡುವ ಜನ ನಾವು. ಒಮ್ಮೆ ಕಣವಾದದ್ದು ಸುಗ್ಗಿ ಮುಗಿದ ಮೇಲೂ ಕಣವೇ. ವರ್ಷವಿಡೀ ಆ ಸಿಮೆಂಟಿನ ಅಂಚಿಗೆ ಚಪ್ಪಲಿಗಳ ಸಾಲು ಇರುತ್ತಿತ್ತು.

ತಮ್ಮನ ಮಗಳು ನನ್ನದೇ ಅಚ್ಚು. ಹೈಸ್ಕೂಲಿಗೆ ಬರುವ ಹೊತ್ತಿಗೆ ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಳ್ಳುತ್ತಿದ್ದಳು. ಅವಳ ಕೈಯಲ್ಲಿ ಚೆಂಡು ಇಟ್ಟ ದಿನ, ನನ್ನ ಕಾಲಿನ ನೋವು ಮರೆತುಹೋಯಿತು. ಖರೇ ಹೇಳುತ್ತೇನೆ, ಮರೆತುಹೋಯಿತು. ಅವಳೂ ಎಲ್ಲರಂತೆ ಚಪ್ಪಲಿ ಬಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಬೆಳಿಗ್ಗೆ ಸಂಜೆಯ ತಂಪಿನಲ್ಲಿ ಬರಿಗಾಲಲ್ಲೇ ಆಡಿ ಕಲಿತಳು. ನಾನು ತರಿಸಿಕೊಟ್ಟ ಬೂಟುಗಳು ರಸ್ತೆಗೆ ಮಾತ್ರ ಮೀಸಲಾದವು.

ಈ ವರ್ಷ ಕ್ರೀಡಾ ಹಾಸ್ಟೆಲಿಗೆ ಗಜೇಂದ್ರಗಡದಲ್ಲಿ ಆಯ್ಕೆ ನಡೆಯುತ್ತದೆ ಎಂದು ಗೊತ್ತಾಯಿತು. ಅವಳಿಗೆ ಇದೇ ಕಡೆಯ ಅವಕಾಶ, ಮುಂದಿನ ವರ್ಷ ವಯಸ್ಸು ದಾಟಿರುತ್ತದೆ. ಆಯ್ಕೆ ಬಿದ್ದದ್ದು ಸರಿಯಾಗಿ ಸುಗ್ಗಿಯಲ್ಲಿ. ಹೋಗಿ ನೋಡಿದರೆ ಕೋರ್ಟಿನ ಮೇಲೆ ಕಾಲಿಡಲು ಜಾಗವಿಲ್ಲ, ಎರಡೂ ಬುಟ್ಟಿಯ ಕೆಳಗೆ ಕಡಲೆ ರಾಶಿ. ಊಟಕ್ಕಿಲ್ಲದ ಉಪ್ಪಿನಕಾಯಿ ಯಾಕೆ ಎಂದು ತಮ್ಮನ ಮೇಲೆ ಹರಿಹಾಯ್ದೆ. ಅವನು ತಲೆ ಕೆಳಗೆ ಹಾಕಿದ.

"ಅಕ್ಕಾ, ಊರ ಮಂದಿ ರಾಶಿ ಐತಿ. ನಮ್ಮದೂ ಅದರಾಗ ಐತಿ. ಲಕ್ಷ್ಮೀನ ಬದಿಗೆ ಸರಸ್ರಿ ಅಂತ ಹ್ಯಾಂಗ ಹೇಳ್ಲಿ?"

ನನಗೂ ಹೇಳಲಾಗಲಿಲ್ಲ. ಆ ರಾಶಿಯ ಅನ್ನವನ್ನೇ ನಾನೂ ಉಣ್ಣುತ್ತಿದ್ದೆ.

ಹೊಲದ ಬದುವಿನ ಪಕ್ಕ ಅಭ್ಯಾಸಕ್ಕಿಳಿದೆವು. ಮುಳ್ಳಿಗೆ ಹೆದರಿ ಅಲ್ಲಿ ಅವಳು ಬೂಟು ಹಾಕಿಕೊಂಡಳು. ಎರೆಮಣ್ಣಿನಲ್ಲಿ ಚೆಂಡು ಪುಟಿಯುವುದಿಲ್ಲ, ಬಿರುಕಿಗೆ ಬಿದ್ದರೆ ತನಗೆ ಬೇಕಾದ ಕಡೆಗೆ ಓಡುತ್ತದೆ. ಆದರೂ ಹುಡುಗಿ ಬಿಡಲಿಲ್ಲ. ನಾನು ಕುರ್ಚಿಯಲ್ಲಿ ಕೂತು ಬೈಯುತ್ತಿದ್ದೆ, ಅವಳು ನಗುತ್ತ ಚೆಂಡಿನ ಹಿಂದೆ ಓಡುತ್ತಿದ್ದಳು.

ಆಯ್ಕೆಯ ದಿನ ರೋಣದಲ್ಲಿ ಬಸ್ಸು ಬದಲಿಸಿ ಗಜೇಂದ್ರಗಡಕ್ಕೆ ಹೋದೆವು. ಮನೆಯವರನ್ನು ತಂತಿಬೇಲಿಯ ಹೊರಗೆ ನಿಲ್ಲಿಸಿದರು. ಬೆಳಿಗ್ಗೆ ಕರೆಯಬೇಕಾದವರು ಮಧ್ಯಾಹ್ನ ಕರೆದರು. ಬಿಸಿಲು ನೆತ್ತಿಗೇರಿತ್ತು. ಅವಳು ಬೂಟು ಕಟ್ಟಿಕೊಂಡು ಚಲೋ ನಡಿಗೆಯಲ್ಲಿ ಹೋದಳು. ಕೋರ್ಟಿನ ಅಂಚಿಗೆ ಹೋಗಿ ನಿಂತಳು. ಬಗ್ಗಿದಳು. ಎರಡೂ ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ಸಿಮೆಂಟು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಓಡಿದಳು.

ಬೂಟು, ಬೂಟು ಎಂದು ಕೂಗಿದೆ. ಸೀಟಿಯ ಸದ್ದಿನಲ್ಲಿ, ಮಕ್ಕಳ ಗದ್ದಲದಲ್ಲಿ ನನ್ನ ಕೂಗು ಯಾರಿಗೂ ಮುಟ್ಟಲಿಲ್ಲ. ಗೇಟು ಆ ಕಡೆಗಿತ್ತು. ಒಂದು ಕಾಲದಲ್ಲಿ ಕೋರ್ಟಿನ ಈ ತುದಿಯಿಂದ ಆ ತುದಿಗೆ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಮುಟ್ಟುತ್ತಿದ್ದವಳು ಬೇಲಿ ಹಿಡಿದು ಹೆಜ್ಜೆ ಹೆಜ್ಜೆಯಾಗಿ ಹೊರಟೆ. ಬೇಲಿಯ ಒಳಗೆ ಅವಳು ಕಾದ ಸಿಮೆಂಟಿನ ಮೇಲೆ ಓಡುತ್ತಿದ್ದಳು. ಮೊದಮೊದಲು ಚಂದವಾಗಿಯೇ ಆಡಿದಳು. ಆಮೇಲೆ ಹಿಮ್ಮಡಿ ಊರದೆ ತುದಿಗಾಲಿಗೆ ಬಂದಳು. ಹಾರಬೇಕಾದಲ್ಲಿ ಹಾರಲಿಲ್ಲ. ನಾನು ಗೇಟು ಮುಟ್ಟುವಷ್ಟರಲ್ಲಿ ಅವಳನ್ನು ಹೊರಗೆ ಕರೆದಿದ್ದರು.

ಅಂಗಾಲೆಲ್ಲ ಬೊಬ್ಬೆ. ಅವಳು ಅಳಲಿಲ್ಲ, ಬೆಪ್ಪಾಗಿ ಕಾಲು ನೋಡಿಕೊಳ್ಳುತ್ತಿದ್ದಳು.

"ಸಿಮೆಂಟ ಕಂಡ ಕೂಡ್ಲೆ ಬಿಚ್ಚಿಬಿಟ್ಟೆ ಅತ್ತಿ. ನನಗ ಗೊತ್ತಾಗಲೇ ಇಲ್ಲ."

ಆಯ್ಕೆ ಮಾಡಲು ಬಂದಿದ್ದವರು ಒಳ್ಳೆಯ ಮನುಷ್ಯ. ಹುಡುಗಿಯ ಎತ್ತರ ಚೆನ್ನಾಗಿದೆ, ಆದರೆ ನೆಗೆತವಿಲ್ಲ ಎಂದರು. ಒಂದು ಮಾತು ಹೇಳಲು ಬಾಯಿ ತೆರೆದೆ. ಏನೆಂದು ಹೇಳಲಿ? ನಮ್ಮೂರಲ್ಲಿ ಕೋರ್ಟಿಗೆ ಕೈಮುಗಿಯುತ್ತಾರೆ ಎಂದೇ? ಹೌದ್ರಿ ಎಂದು ಬಂದುಬಿಟ್ಟೆ. ಬಸ್ಸಿನಲ್ಲಿ ಅವಳು ನನ್ನ ಭುಜಕ್ಕೊರಗಿ ನಿದ್ದೆ ಹೋದಳು. ನಾನು ಸೆರಗು ಬಾಯಿಗಿಟ್ಟುಕೊಂಡು ಅತ್ತೆ.

ಮನೆ ಮುಟ್ಟುವಾಗ ಸಂಜೆ. ಅಂದೇ ನಮ್ಮ ರಾಶಿಯ ಪೂಜೆ, ತಮ್ಮ ಕಾಯುತ್ತಿದ್ದ. ಏನಾಯಿತೆಂದು ಕೇಳಿ ಅವನ ಮುಖ ಸಣ್ಣದಾಯಿತು. ಆದರೆ ಅಳೆಯುವವರು ಬಂದಾಗಿತ್ತು, ರಾಶಿಯನ್ನು ಕಾಯಿಸುವಂತಿಲ್ಲ. ಮೂವರೂ ಹೋದೆವು. ಬುಟ್ಟಿಯ ಕಂಬಕ್ಕೆ ಯಾರೋ ಕುಂಕುಮ ಹಚ್ಚಿದ್ದರು. ನನ್ನನ್ನು ಕಂಡು ಹಿರಿಯರೊಬ್ಬರು ದಾರಿ ಬಿಟ್ಟು ನಿಂತರು.

"ಮೊದಲ ನೀವು ಬರ್ರಿ ಯವ್ವಾ. ಇದು ನಿಮ್ಮ ಕಣ."

ಪ್ರೀತಿಯಿಂದಲೇ ಕರೆದರು. ಕಾಲಿಗೆ ಆಧಾರವಾಗಲೆಂದು ನಾನು ಹಾಕುವುದು ಪಟ್ಟಿ ಬಿಗಿಯುವ ಚಪ್ಪಲಿ, ಬಗ್ಗದೆ ಬಿಚ್ಚಲು ಬರುವುದಿಲ್ಲ. ಅಂಚಿನಲ್ಲೇ ನಿಂತೆ. ಎಲ್ಲರೂ ಕಾದರು. ಅಷ್ಟರಲ್ಲಿ ಹುಡುಗಿ ಬಟ್ಟೆ ಸುತ್ತಿದ ಕಾಲುಗಳ ಮೇಲೆ ಕುಂಟುತ್ತ ಬಂದು, ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದೊಂದಾಗಿ ಪಟ್ಟಿ ಬಿಚ್ಚಿ ನನ್ನ ಚಪ್ಪಲಿಗಳನ್ನು ತೆಗೆದು ಸಾಲಿನಲ್ಲಿಟ್ಟಳು. ನಾನು ಬೇಡ ಎನ್ನಲಿಲ್ಲ. ಅವಳ ಹೆಗಲು ಹಿಡಿದು ಒಳಗೆ ಕಾಲಿಟ್ಟೆ.