ದೆವ್ವದ ತುಟಿ ಓದಿದ ಸಾಕಮ್ಮ

೧೯೯೮ರ ನವೆಂಬರ್ ೨೪, ಮಂಗಳವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ದೊಡ್ಡಬಳ್ಳಾಪುರದ ನಮ್ಮ ಬೀದಿಗೆ ಕೊರಿಯಾದ ದೆವ್ವ ಬಂದದ್ದು ಆಗ, ಸಾಕಮ್ಮನ ಟಿವಿಯಲ್ಲಿ.

ಪಕ್ಕದ ಮನೆಯ ಸಾಕಮ್ಮನಿಗೆ ಮಾತು ಕೇಳಿಸಬೇಕಾಗಿರಲಿಲ್ಲ, ಕಂಡರೆ ಸಾಕಿತ್ತು. ಮೂವತ್ತು ವರ್ಷ ಮಗ್ಗಗಳ ಸದ್ದಿನಲ್ಲಿ ದುಡಿದು, ತುಟಿ ನೋಡಿಯೇ ಮಾತು ತಿಳಿಯುವುದನ್ನು ಕಲಿತಿದ್ದರು. ನಮ್ಮಕ್ಕನನ್ನು ನೋಡಲು ಬಂದವರಲ್ಲಿ ಹುಡುಗನ ಸೋದರತ್ತೆ ಗಂಡನ ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ಅಡುಗೆಮನೆ ಬಾಗಿಲಿಂದ ಸಾಕಮ್ಮ ಕೂಗಿದರು: “ಮೂಗು ದಪ್ಪ ಅಂದ್ರಲ್ಲ, ನಿಮ್ ಹುಡುಗಂದೇನು ಸಂಪಿಗೆನಾ ತಾಯಿ?” ಸಂಬಂಧ ತಪ್ಪಿತು. ಅಕ್ಕ ನೆಮ್ಮದಿಯಾಗಿ ಇನ್ನೊಂದು ಸಲ ಉಪ್ಪಿಟ್ಟು ಹಾಕಿಸಿಕೊಂಡಳು. ಸಾಕಮ್ಮ ಓದಿದ ತುಟಿಗಳ ಸರಿ-ತಪ್ಪಿನ ಪಟ್ಟಿಯನ್ನು ನಾನು ಬುಕ್ಕಿನಲ್ಲಿ ಶುರುಮಾಡಿದ್ದು ಅಂದೇ.

ಅವರ ಟಿವಿಯ ಸದ್ದನ್ನು ಯಾರೂ ಕೇಳಿದವರಿಲ್ಲ. ಕರೆಂಟ್ ಇದ್ದರೆ ಗೋಡೆಯಾಚೆ ನಾಲ್ಕು ಮಗ್ಗ ಓಡುತ್ತಿದ್ದವು. ಮಗ್ಗ ನಿಂತರೆ ಟಿವಿಯೂ ನಿಂತಿರುತ್ತಿತ್ತು. ಹಾಗಾಗಿ, ಕೊರಿಯಾದ ಎಂಜಿನಿಯರೊಬ್ಬರಿಗೆ ಡ್ರೈವರಾಗಿದ್ದ ಸಾಕಮ್ಮನ ತಮ್ಮ ರಂಗಪ್ಪ, ಆ ಎಂಜಿನಿಯರ ವಿಸಿಆರನ್ನೂ ದೆವ್ವದ ಸಿನಿಮಾದ ಕ್ಯಾಸೆಟ್ಟನ್ನೂ ತಂದಾಗ ಭಾಷೆ ತೊಡಕಾಗಲಿಲ್ಲ. ಸಂಜೆಗೆ ವಾಪಸ್ ಕೊಡಬೇಕಿತ್ತು. ಎಂಜಿನಿಯರ್ ಮರುದಿನ ಊರಿಗೆ ಹೊರಡುವವರು.

ಕಥೆ ಇಷ್ಟೇ: ಸತ್ತ ಸೊಸೆ ಗೋಡೆಗೆ ಮುಖ ಮಾಡಿ ಕೂತಿರುತ್ತಾಳೆ, ಮನೆಯವರು ಅವಳ ಬೆನ್ನ ಹಿಂದೆ ಊಟ ಮಾಡುತ್ತಿರುತ್ತಾರೆ. ನಾನು ಹನ್ನೊಂದು ಸಲ ಕಣ್ಣು ಮುಚ್ಚಿದೆ. ಸಾಕಮ್ಮ ರೆಪ್ಪೆ ಬಡಿಯಲಿಲ್ಲ.

“ನಮ್ ದೆವ್ವ ಹಾಡ್ ಹೇಳ್ಕೊಂಡು ಬರುತ್ತೆ, ಓಡೋಗಕ್ಕೆ ಟೈಮ್ ಸಿಗುತ್ತೆ. ಇವ್ಳು ಮನೆಯವ್ಳು ಕಣೇ. ಮುನಿಸ್ಕೊಂಡು ಕೂತವ್ಳೆ. ಅದಕ್ಕಿಂತ ಭಯ ಯಾವುದೈತೆ?”

ಮೂರು ನಲವತ್ತಕ್ಕೆ ದೆವ್ವ ಮೆಲ್ಲಗೆ ತಿರುಗಿತು. ನಾನು ಹನ್ನೆರಡನೇ ಸಲ ಕಣ್ಣು ಮುಚ್ಚಿದೆ. ರಂಗಪ್ಪ ನೀರು ಕುಡಿಯುವ ನೆಪದಲ್ಲಿ ಒಳಗಿದ್ದ. ನಾನು ಕಣ್ಣು ಬಿಡುವಷ್ಟರಲ್ಲಿ ಕರೆಂಟ್ ಹೋಗಿತ್ತು.

“ಬಾಯ್ಬಿಟ್ಲು ಕಣೇ!” ಎಂದರು ಸಾಕಮ್ಮ. “‘ಊಟ ಆಯ್ತಾ’ ಅಂದ್ಲು.”

“ಅಕ್ಕಂಗೆ ಕೊರಿಯಾ ಭಾಷೆ ಬಂದ್ಬಿಡ್ತು!” ಎಂದು ರಂಗಪ್ಪ ಬೀದಿಗೆಲ್ಲ ಸಾರಿದ. ಸಂಜೆಯವರೆಗೂ ಕರೆಂಟ್ ಬರಲಿಲ್ಲ, ಕ್ಯಾಸೆಟ್ ವಿಸಿಆರ್ ಸಮೇತ ವಾಪಸ್ ಹೋಯಿತು. ಮಾರನೆಯ ದಿನದಿಂದ ಮಗ್ಗದವರೆಲ್ಲ ಸಾಕಮ್ಮನತ್ತ ಕಣ್ಣರಳಿಸಿ, ಸದ್ದಿಲ್ಲದೆ ತುಟಿ ಆಡಿಸತೊಡಗಿದರು: ಊಟ ಆಯ್ತಾ?

“ನಗ್ರಪ್ಪಾ, ನಗ್ರಿ. ಸತ್ತೋರು ಬಂದು ಇನ್ನೇನ್ ಕೇಳ್ತಾರೆ?” ಎಂದರು ಸಾಕಮ್ಮ. ಆಮೇಲೆ ಯಾರ ತುಟಿಯನ್ನೂ ಓದಿ ಹೇಳಲಿಲ್ಲ. ಒಮ್ಮೆ ಮಾತ್ರ ನನ್ನನ್ನು ತಡೆದು, “ನೀನಾದ್ರೂ ಬುಕ್ಕಲ್ಲಿ ಸರಿ ಅಂತ ಬರ್ಕೊಳೇ” ಎಂದರು. ಸಾಕ್ಷಿ ಬೇಕು ಎಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಫೆಬ್ರವರಿಯಲ್ಲಿ ಅವರು ತ್ಯಾಮಗೊಂಡ್ಲಿಗೆ, ಮಗಳ ಮನೆಗೆ ಹೊರಟರು. ಬಸ್ಸು ಗುರುಗುಡುತ್ತಿತ್ತು. ಕಿಟಕಿಯ ಗಾಜಿನಾಚೆ ಸಾಕಮ್ಮನ ತುಟಿ ಆಡಿತು. ನನ್ನಂಥವಳಿಗೂ ಓದಲು ಬಂತು: “ಬರ್ಕೊಂಡ್ಯಾ?”

ಹೂಂ ಎಂದು ತಲೆ ಆಡಿಸಿದೆ. ಅದು ಸುಳ್ಳು. ಜೂನ್‌ನಲ್ಲಿ ಅವರು ತೀರಿಕೊಂಡ ಸುದ್ದಿ ಬಂತು.

ಪಟ್ಟಿಯಲ್ಲಿ ಸರಿ ನಲವತ್ತೊಂದು, ತಪ್ಪು ಸೊನ್ನೆ, ಬಾಕಿ ಒಂದು. ಗೋಡೆಗೆ ಮುಖ ಮಾಡಿ ಕೂತ ಸೊಸೆಯ ಆ ಸಿನಿಮಾ ನೋಡಿದವರು, ಕೊರಿಯಾ ಭಾಷೆ ಬಲ್ಲವರು ಯಾರಾದರೂ ಇದನ್ನು ಓದುತ್ತಿದ್ದರೆ, ಅವಳು ತಿರುಗಿ ಏನೆಂದಳು ಎಂದು ದಯವಿಟ್ಟು ಒಂದು ಕಾರ್ಡು ಬರೆಯಿರಿ. ಆ ಸಾಲಿನ ಮುಂದೆ ಜಾಗ ಬಿಟ್ಟಿದ್ದೇನೆ.